ಎತ್ತಬೇಕಾದ ಕೈ

ಸ್ತನ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಹೆಂಗಸಿಗೆ ಆಸ್ಪತ್ರೆಯಿಂದ ಹೊರಡುವಾಗ ಬಹುಕಾಲ ದೊರೆಯುತ್ತಿದ್ದ, ಇಂದಿಗೂ ಅನೇಕ ಕಡೆ ದೊರೆಯುವ ಬುದ್ಧಿಮಾತೆಂದರೆ ಆ ಕಡೆಯ ಕೈಯಿಂದ ಭಾರ ಎತ್ತಬೇಡಿ ಎಂಬುದು. ನೀರಿನ ಕೊಡ, ಕಂಕುಳಿಗೇರುವ ಮಗು, ಸಂತೆಯಿಂದ ತರುವ ತರಕಾರಿ ಚೀಲ, ಒದ್ದೆ ಬಟ್ಟೆ ತುಂಬಿದ ಬಕೆಟ್ಟು, ಇವೆಲ್ಲವೂ ಆ ಒಂದು ಮಾತಿನಿಂದ ನಿಷಿದ್ಧವಾಗುತ್ತಿದ್ದವು. ಕಂಕುಳಿನ ಗ್ರಂಥಿಗಳನ್ನು ತೆಗೆದ ಕೈ ದಣಿದರೆ ಊದಿಕೊಂಡೀತು, ಊದಿಕೊಂಡದ್ದು ಮತ್ತೆ ಇಳಿಯದೆ ಹೋದೀತು ಎಂಬ ಕಳಕಳಿಯಿಂದಲೇ ವೈದ್ಯರೂ ದಾದಿಯರೂ ಮನೆಯ ಹಿರಿಯರೂ ಹಾಗೆ ಹೇಳುತ್ತಿದ್ದರು. ಆದರೆ ಕಳೆದ ಮೂರು ದಶಕಗಳ ಸಂಶೋಧನೆ ಈ ನಂಬಿಕೆಯನ್ನು ಬಹುಮಟ್ಟಿಗೆ ತಲೆಕೆಳಗು ಮಾಡಿದೆ. ಕ್ರಮವಾಗಿ, ಹಂತಹಂತವಾಗಿ ದುಡಿಸಿದ ಕೈಗಿಂತ ಭಯದಿಂದ ಸುಮ್ಮನಿರಿಸಿದ ಕೈಯೇ ಹೆಚ್ಚು ತೊಂದರೆಗೀಡಾಗುತ್ತದೆ ಎಂಬುದು ಇಂದು ಭೌತಚಿಕಿತ್ಸೆಯ, ಅಂದರೆ ಜನರು ಫಿಸಿಯೋಥೆರಪಿ ಎಂದು ಕರೆಯುವ ವಿಭಾಗದ, ಸುಸ್ಥಾಪಿತ ತಿಳಿವಳಿಕೆಯಾಗಿದೆ.

ಭಯದ ಮೂಲವನ್ನು ಅರಿಯಬೇಕಾದರೆ ಕಂಕುಳಿನ ಒಳಗನ್ನು ಸ್ವಲ್ಪ ನೋಡಬೇಕಾಗುತ್ತದೆ. ರಕ್ತನಾಳಗಳ ಅತಿ ಸಣ್ಣ ಕವಲುಗಳಿಂದ ಜೀವಕೋಶಗಳ ನಡುವಿನ ಜಾಗಕ್ಕೆ ಸದಾ ದ್ರವ ಒಸರುತ್ತಿರುತ್ತದೆ. ಆ ದ್ರವವನ್ನೂ ಅದರಲ್ಲಿ ಸೇರಿಕೊಂಡ ಪ್ರೋಟೀನು, ಸತ್ತ ಕೋಶಗಳ ಚೂರು, ರೋಗಾಣು ಮುಂತಾದವನ್ನೂ ಹೊತ್ತು ಮರಳಿ ರಕ್ತಕ್ಕೆ ಸೇರಿಸುವ ಪ್ರತ್ಯೇಕ ನಾಳಗಳ ಜಾಲವೊಂದು ದೇಹದಲ್ಲಿದೆ. ಆ ನಾಳಗಳಲ್ಲಿ ಹರಿಯುವ ದ್ರವಕ್ಕೆ ದುಗ್ಧರಸವೆಂದೂ, ದಾರಿಯಲ್ಲಿ ಅದನ್ನು ಸೋಸುವ ಸಣ್ಣ ಗಂಟುಗಳಿಗೆ ದುಗ್ಧಗ್ರಂಥಿಗಳೆಂದೂ ಹೆಸರು. ಮಲೆನಾಡಿನ ಅಡಿಕೆ ತೋಟದಲ್ಲಿ ಬಸಿಗಾಲುವೆ ಮಾಡುವ ಕೆಲಸವನ್ನು ಈ ಜಾಲ ದೇಹದಲ್ಲಿ ಮಾಡುತ್ತದೆ. ನೀರು ಬರುವುದು ನಿಲ್ಲುವುದಿಲ್ಲವಾದ್ದರಿಂದ ಬಸಿದುಹೋಗುವ ದಾರಿ ಕಟ್ಟಿಕೊಂಡರೆ ಕೆಡುಕು ಅಲ್ಲಿಂದಲೇ ಆರಂಭ. ರಕ್ತಕ್ಕೆ ಹೃದಯವಿರುವಂತೆ ದುಗ್ಧರಸಕ್ಕೆ ತನ್ನದೇ ಆದ ಪಂಪು ಇಲ್ಲ. ನಾಳಗಳ ಗೋಡೆಯ ಸಂಕೋಚನ, ಸುತ್ತಲಿನ ಸ್ನಾಯುಗಳು ಬಿಗಿದು ಸಡಿಲುವಾಗ ಬೀಳುವ ಒತ್ತಡ, ಆಳವಾಗಿ ಉಸಿರೆಳೆದಾಗ ಎದೆಗೂಡಿನಲ್ಲಿ ಉಂಟಾಗುವ ಸೆಳೆತ, ಮುಖ್ಯವಾಗಿ ಇವುಗಳ ಬಲದಿಂದ ಅದು ಮುಂದೆ ಸಾಗುತ್ತದೆ. ಸ್ನಾಯು ದುಡಿದರೆ ದ್ರವ ಹರಿಯುತ್ತದೆ ಎಂಬ ಈ ಸಂಗತಿಯನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ಸ್ತನದ ದುಗ್ಧರಸವೂ ತೋಳಿನ ದುಗ್ಧರಸವೂ ಬಹುಪಾಲು ಕಂಕುಳಿನ ಗ್ರಂಥಿಗಳನ್ನೇ ಹಾದುಹೋಗುತ್ತವೆ. ಸ್ತನದಿಂದ ಹೊರಟ ಕ್ಯಾನ್ಸರ್ ಕೋಶಗಳು ಸಾಮಾನ್ಯವಾಗಿ ಮೊದಲು ತಂಗುವುದೂ ಅಲ್ಲೇ. ಆದ್ದರಿಂದ ಗೆಡ್ಡೆಯೊಂದಿಗೆ ಆ ಗ್ರಂಥಿಗಳನ್ನೂ ತೆಗೆಯುವುದು ಶಸ್ತ್ರವೈದ್ಯರ ಪದ್ಧತಿಯಾಯಿತು. ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯ ವಿಲಿಯಂ ಹಾಲ್‌ಸ್ಟೆಡ್ 1894ರಲ್ಲಿ ವಿವರಿಸಿದ ಶಸ್ತ್ರಕ್ರಮದಲ್ಲಿ ಸ್ತನ, ಅದರಡಿಯ ಎದೆಯ ದೊಡ್ಡ ಸ್ನಾಯು ಮತ್ತು ಕಂಕುಳಿನ ಗ್ರಂಥಿಗಳು ಒಟ್ಟಿಗೇ ಹೋಗುತ್ತಿದ್ದವು. ಅದಕ್ಕೂ ಮುನ್ನ ಖಚಿತ ಸಾವು ಎನ್ನುವಂತಿದ್ದ ರೋಗದಿಂದ ಅನೇಕ ಹೆಂಗಸರು ಈ ಶಸ್ತ್ರಕ್ರಮದ ನೆರವಿನಿಂದ ಪಾರಾದರು. ಆದರೆ ಪಾರಾದವರಿಗೆ ಉಳಿದದ್ದು ಒಳಸೇರಿದ ಎದೆ, ಮೇಲೇಳದ ತೋಳು ಮತ್ತು ಹಲವರಿಗೆ ವರ್ಷದಿಂದ ವರ್ಷಕ್ಕೆ ದಪ್ಪವಾಗುವ ಕೈ. ಆನೆಕಾಲು ರೋಗವನ್ನು ನೆನಪಿಸುವ ಆ ಊತವನ್ನು ಶಸ್ತ್ರಚಿಕಿತ್ಸೆಯಿಂದ ಹುಟ್ಟಿದ ಆನೆರೋಗವೆಂದು ಹಾಲ್‌ಸ್ಟೆಡ್ ಅವರೇ 1921ರಲ್ಲಿ ಕರೆದರು.

ಹೆಚ್ಚು ಕತ್ತರಿಸಿದಷ್ಟೂ ಹೆಚ್ಚು ಆಯುಷ್ಯ ಎಂಬ ಆ ತರ್ಕ ಸುಮಾರು ಮುಕ್ಕಾಲು ಶತಮಾನ ಬಹುಮಟ್ಟಿಗೆ ಪ್ರಶ್ನೆಯಿಲ್ಲದೆ ನಡೆಯಿತು. 1971ರಲ್ಲಿ ಬರ್ನಾರ್ಡ್ ಫಿಶರ್ ಮುಂದಾಳತ್ವದಲ್ಲಿ ಅಮೆರಿಕದಲ್ಲಿ ಆರಂಭವಾದ ದೊಡ್ಡ ಪ್ರಯೋಗವೊಂದು, ಸ್ನಾಯುವನ್ನೂ ಕಂಕುಳನ್ನೂ ಬರಿದು ಮಾಡುವ ಶಸ್ತ್ರಚಿಕಿತ್ಸೆಯಿಂದ ಬದುಕುಳಿಯುವ ಪ್ರಮಾಣ ಹೆಚ್ಚುವುದಿಲ್ಲವೆಂದು ತೋರಿಸಿದ ಮೇಲೆ ಶಸ್ತ್ರದ ವ್ಯಾಪ್ತಿ ಕಿರಿದಾಗತೊಡಗಿತು. 1990ರ ದಶಕದಲ್ಲಿ ಇನ್ನೊಂದು ಮುಖ್ಯ ತಿರುವು ಬಂತು. ಗೆಡ್ಡೆಯ ಕಡೆಯಿಂದ ಬರುವ ದುಗ್ಧರಸ ಮೊಟ್ಟಮೊದಲು ಸೇರುವ ಒಂದೆರಡು ಗ್ರಂಥಿಗಳನ್ನು ಬಣ್ಣದ ಇಲ್ಲವೇ ವಿಕಿರಣಶೀಲ ದ್ರವದ ನೆರವಿನಿಂದ ಗುರುತಿಸಿ, ಅವುಗಳನ್ನಷ್ಟೇ ತೆಗೆದು ಪರೀಕ್ಷಿಸುವ ಕ್ರಮ ಬಳಕೆಗೆ ಬಂತು. ಬಾಗಿಲು ಕಾಯುವಂತೆ ಮೊದಲಿಗೆ ನಿಂತಿರುವ ಈ ಗ್ರಂಥಿಗಳನ್ನು ಕಾವಲು ಗ್ರಂಥಿಗಳೆನ್ನುತ್ತಾರೆ. ಅವುಗಳಲ್ಲಿ ಕ್ಯಾನ್ಸರ್ ಕಾಣದಿದ್ದರೆ ಉಳಿದವನ್ನು ಮುಟ್ಟುವ ಅಗತ್ಯವಿಲ್ಲ. ಇದರಿಂದ ಕೈಗೆ ಆದ ಲಾಭವನ್ನು 2013ರಲ್ಲಿ ಪ್ರಕಟವಾದ ಹಲವು ಅಧ್ಯಯನಗಳ ಒಟ್ಟು ವಿಶ್ಲೇಷಣೆಯೊಂದು ಅಳೆದು ತೋರಿಸಿತು. ಕಂಕುಳಿನ ಗ್ರಂಥಿಗಳನ್ನು ಸಾಕಷ್ಟು ಸಂಖ್ಯೆಯಲ್ಲಿ ತೆಗೆಸಿಕೊಂಡವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಕೈ ಊತ ಬರುತ್ತಿದ್ದರೆ, ಕಾವಲು ಗ್ರಂಥಿಗಳನ್ನಷ್ಟೇ ತೆಗೆಸಿಕೊಂಡವರಲ್ಲಿ ಅದು ನೂರಕ್ಕೆ ಆರಕ್ಕಿಂತ ಕಡಿಮೆ.

ಭಾರತದ ಹೆಂಗಸರಲ್ಲಿ ಇಂದು ಅತಿ ಹೆಚ್ಚಾಗಿ ಕಾಣುವ ಕ್ಯಾನ್ಸರ್ ಸ್ತನದ್ದೇ. 2022ರಲ್ಲಿ ದೇಶದಲ್ಲಿ ಸುಮಾರು 1.92 ಲಕ್ಷ ಹೊಸ ರೋಗಿಗಳು ಪತ್ತೆಯಾದರೆಂದು ಅಂತಾರಾಷ್ಟ್ರೀಯ ಅಂದಾಜು ಹೇಳುತ್ತದೆ. ಪಶ್ಚಿಮದ ದೇಶಗಳಿಗೆ ಹೋಲಿಸಿದರೆ ಇಲ್ಲಿಯವರಿಗೆ ರೋಗ ಸರಾಸರಿ ಹತ್ತು ವರ್ಷ ಮೊದಲೇ ಬರುತ್ತದೆ; ಆಸ್ಪತ್ರೆ ತಲುಪುವ ಹೊತ್ತಿಗೆ ಅದು ಕಂಕುಳಿಗೆ ಹರಡಿರುವ ಸಂಭವವೂ ಹೆಚ್ಚು. ಕಂಕುಳಿಗೆ ಹರಡಿದ್ದರೆ ಕಾವಲು ಗ್ರಂಥಿಯ ಸೌಲಭ್ಯ ಒದಗುವುದು ಕಷ್ಟ, ಹಲವೊಮ್ಮೆ ಪೂರ್ಣ ಗ್ರಂಥಿ ಶಸ್ತ್ರವೇ ಬೇಕಾಗುತ್ತದೆ, ಅದರ ಮೇಲೆ ವಿಕಿರಣವೂ ಸೇರುವುದುಂಟು. ಹೀಗಾಗಿ ಇನ್ನೂ ದುಡಿಯುವ ವಯಸ್ಸಿನಲ್ಲಿರುವ, ಇನ್ನೂ ಹಲವು ದಶಕ ಬಾಳಬೇಕಾದ ಹೆಂಗಸರೇ ಕೈಯ ತೊಂದರೆಗೆ ಹೆಚ್ಚು ಗುರಿಯಾಗುತ್ತಾರೆ. ಭೌತಚಿಕಿತ್ಸೆ ಅತ್ಯಂತ ಅಗತ್ಯವಿರುವುದು ಎಲ್ಲಿಯೋ ಅಲ್ಲಿಯೇ ಅದು ಅತ್ಯಂತ ವಿರಳವಾಗಿರುವುದು ನಮ್ಮ ಆರೋಗ್ಯ ವ್ಯವಸ್ಥೆಯ ದೊಡ್ಡ ಕೊರತೆ.

ಊತಕ್ಕೂ ಮುಂಚೆ ಬರುವ ತೊಂದರೆಗಳು

ಕೈ ಊತ ಎದ್ದು ಕಾಣುವಂಥದಾದ್ದರಿಂದ ಮಾತೆಲ್ಲ ಅದರ ಸುತ್ತಲೇ ನಡೆಯುತ್ತದೆ. ಆದರೆ ಶಸ್ತ್ರಚಿಕಿತ್ಸೆಯಾದ ಮೊದಲ ತಿಂಗಳುಗಳಲ್ಲಿ ಹೆಚ್ಚು ಜನರನ್ನು ಕಾಡುವುದು ಹೆಗಲ ಕೀಲಿನ ಬಿಗಿತ. ಗಾಯದ ಕಡೆಯ ತೋಳನ್ನು ಮೈಗೆ ಒತ್ತಿಕೊಂಡು, ಹೆಗಲನ್ನು ಮುಂದಕ್ಕೆ ಬಾಗಿಸಿ ಕುಳಿತುಕೊಳ್ಳುವುದು ನೋವಿಗೆ ದೇಹ ತಾನಾಗಿ ಕಂಡುಕೊಳ್ಳುವ ಉಪಾಯ. ವಾರಗಟ್ಟಲೆ ಹಾಗೆಯೇ ಇದ್ದರೆ ಎದೆಯ ಸ್ನಾಯು ಕುಗ್ಗಿ, ಕೀಲಿನ ಸುತ್ತಲಿನ ಪೊರೆ ಬಿಗಿದು, ಜಡೆ ಹೆಣೆಯುವುದು, ಬೆನ್ನ ಹಿಂದೆ ಒಳ ಉಡುಪಿನ ಕೊಂಡಿ ಹಾಕುವುದು, ಮಾಡದಿಂದ ಡಬ್ಬಿ ತೆಗೆಯುವುದು, ಸೆರಗನ್ನು ಹೆಗಲ ಮೇಲೆ ಹಾಕಿಕೊಳ್ಳುವುದು ಕೂಡ ಆಗದಂತಾಗುತ್ತದೆ. ಕೆಲವರಿಗೆ ಕಂಕುಳಿನಿಂದ ಮೊಣಕೈಯವರೆಗೆ, ಅಪರೂಪಕ್ಕೆ ಮಣಿಕಟ್ಟಿನವರೆಗೂ, ಚರ್ಮದಡಿ ಹಗ್ಗದಂತೆ ಸೆಟೆದ ಎಳೆಗಳು ಕಾಣಿಸಿಕೊಳ್ಳುತ್ತವೆ. ಕೈ ಚಾಚಿದಾಗ ನರ ಎಳೆದಂತಾಗುತ್ತದೆ ಎಂದು ರೋಗಿಗಳು ದೂರುವುದು ಇದನ್ನೇ. ಇದು ನರವಲ್ಲ, ಗ್ರಂಥಿಗಳನ್ನು ತೆಗೆದಾಗ ತುಂಡಾದ ದುಗ್ಧನಾಳ ಮತ್ತು ಸಣ್ಣ ರಕ್ತನಾಳಗಳು ಗಟ್ಟಿಯಾಗಿ ಬಿಗಿದುಕೊಂಡದ್ದೆಂದು ತಜ್ಞರು ವಿವರಿಸುತ್ತಾರೆ. ಅನೇಕರಲ್ಲಿ ಇದು ಮೂರು ತಿಂಗಳೊಳಗೆ ಮಾಯವಾಗುತ್ತದೆ, ಮೃದುವಾಗಿ ಚಾಚುವ ವ್ಯಾಯಾಮದಿಂದ ಇನ್ನೂ ಬೇಗ ಹಗುರಾಗುತ್ತದೆ. ಹೆದರಿ ಕೈಯನ್ನು ಮಡಚಿಟ್ಟುಕೊಂಡವರಲ್ಲಿ ಮಾತ್ರ ಹೆಗಲು ಅದರ ಜೊತೆಗೇ ಹಿಡಿದುಕೊಳ್ಳುತ್ತದೆ.

ಕಂಕುಳಿನಲ್ಲಿ ಹಾದುಹೋಗುವ ನರಗಳಿಗೂ ಪೆಟ್ಟಾಗಬಹುದು. ತೋಳಿನ ಒಳಬದಿಗೆ ಸ್ಪರ್ಶಜ್ಞಾನ ಕೊಡುವ ನರ ತುಂಡಾದರೆ ಅಲ್ಲಿ ಜೋಮು, ಉರಿ ಇಲ್ಲವೇ ಸೂಜಿ ಚುಚ್ಚಿದ ಅನುಭವ ಉಳಿಯುತ್ತದೆ. ಹೆಗಲ ಹಲಗೆಯನ್ನು ಬೆನ್ನಿಗೆ ಅಂಟಿಸಿ ಹಿಡಿಯುವ ಸ್ನಾಯುವಿನ ನರಕ್ಕೆ ನೋವಾದರೆ ಗೋಡೆಯನ್ನು ತಳ್ಳುವಾಗ ಆ ಹಲಗೆ ರೆಕ್ಕೆಯಂತೆ ಎದ್ದು ನಿಲ್ಲುತ್ತದೆ. ತೋಳನ್ನು ತಲೆಯ ಮೇಲೆತ್ತಲು ಬಲ ಸಾಲದಾಗುತ್ತದೆ. ನರ ಚೇತರಿಸಿಕೊಳ್ಳುವವರೆಗೆ ಸುತ್ತಲಿನ ಸ್ನಾಯುಗಳನ್ನು ಬಲಪಡಿಸಿ ಕೆಲಸ ಸಾಗುವಂತೆ ಮಾಡುವುದು ಭೌತಚಿಕಿತ್ಸಕರ ಕಸುಬುಗಾರಿಕೆಗೆ ಸೇರಿದ್ದು.

ಇಲ್ಲಿ ಸಾಮಾನ್ಯವಾಗಿ ಗಮನಕ್ಕೆ ಬಾರದ ಇನ್ನೊಂದು ವಿಷಯವಿದೆ. ವಿಕಿರಣ ಚಿಕಿತ್ಸೆ ಪಡೆಯುವಾಗ ಹೆಚ್ಚಿನ ರೋಗಿಗಳು ಅಂಗಾತ ಮಲಗಿ, ತೋಳನ್ನು ತಲೆಯ ಮೇಲಕ್ಕೆ ಚಾಚಿ, ಅಲುಗದೆ ಇರಬೇಕಾಗುತ್ತದೆ. ಕಿರಣಗಳು ಎದೆಗೂ ಕಂಕುಳಿಗೂ ಲೆಕ್ಕ ಹಾಕಿದಂತೆಯೇ ಬೀಳಬೇಕಾದರೆ ಪ್ರತಿ ಸಲವೂ ಅದೇ ಭಂಗಿ ಬರಬೇಕು. ಹೆಗಲು ಬಿಗಿದು ತೋಳು ಮೇಲೇಳದಿದ್ದರೆ ಚಿಕಿತ್ಸೆಯ ಸಿದ್ಧತೆಯೇ ತಡವಾಗುತ್ತದೆ. ಆದ್ದರಿಂದ ಭೌತಚಿಕಿತ್ಸೆಯನ್ನು ಕ್ಯಾನ್ಸರ್ ವಾಸಿಯಾದ ಮೇಲೆ ಬಿಡುವಾದಾಗ ಮಾಡಿಸಿಕೊಳ್ಳುವ ಸಂಗತಿಯೆಂದು ಎಣಿಸುವುದು ಸರಿಯಲ್ಲ. ಅದು ಕ್ಯಾನ್ಸರ್ ಚಿಕಿತ್ಸೆಯ ಒಂದು ಅಂಗ. ವಿಕಿರಣ ಮುಗಿದ ಮೇಲೂ ಕೆಲಸ ಮುಗಿಯುವುದಿಲ್ಲ. ವಿಕಿರಣ ಬಿದ್ದ ಸ್ನಾಯು ಮತ್ತು ಚರ್ಮ ತಿಂಗಳುಗಳ ಕಾಲ, ಕೆಲವೊಮ್ಮೆ ವರ್ಷಗಳ ಕಾಲ, ನಿಧಾನವಾಗಿ ಗಡುಸಾಗುತ್ತ ಹೋಗುವುದರಿಂದ ಚಾಚುವ ವ್ಯಾಯಾಮಗಳನ್ನು ಆರಾಮವಾಯಿತೆಂದು ಬಿಟ್ಟವರಿಗೆ ಹೆಗಲು ಮತ್ತೆ ಹಿಡಿದುಕೊಳ್ಳಬಹುದು.

ನಿಷೇಧ ಸಡಿಲಿದ ಬಗೆ

ಭಾರ ಎತ್ತಬಾರದೆಂಬ ಮಾತಿಗೆ ಮೊದಲ ದೊಡ್ಡ ಸವಾಲು ಬಂದದ್ದು ಕೆನಡಾದ ವ್ಯಾಂಕೂವರಿನಲ್ಲಿ. ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಕ್ರೀಡಾವೈದ್ಯ ಡಾನ್ ಮೆಕೆಂಝಿ, ತೋಳಿನ ಶ್ರಮ ಊತ ತರುತ್ತದೆಂಬ ನಂಬಿಕೆಗೆ ಗಟ್ಟಿ ಪುರಾವೆ ಇಲ್ಲವೆಂದು ಮನಗಂಡು, ಅದನ್ನು ಪರೀಕ್ಷಿಸಲು 1996ರಲ್ಲಿ ತೋಳಿಗೆ ಅತಿ ಹೆಚ್ಚು ಕೆಲಸ ಕೊಡುವ ಆಟವೊಂದನ್ನೇ ಆರಿಸಿಕೊಂಡರು. ಅದು ಚೀನೀ ಮೂಲದ ಡ್ರ್ಯಾಗನ್ ದೋಣಿಯ ಹುಟ್ಟುಹಾಕುವಿಕೆ. ಇಪ್ಪತ್ತು ಮಂದಿ ಇಬ್ಬಿಬ್ಬರಾಗಿ ಕುಳಿತು, ಮುಂದೆ ಕುಳಿತವರ ಡೋಲಿನ ಪೆಟ್ಟಿಗೆ ಸರಿಯಾಗಿ ಒಟ್ಟಿಗೇ ಹುಟ್ಟು ಹಾಕುವ ಉದ್ದನೆಯ ದೋಣಿ. ಸ್ತನ ಕ್ಯಾನ್ಸರ್ ಚಿಕಿತ್ಸೆ ಪಡೆದಿದ್ದ 24 ಹೆಂಗಸರು ಅದಕ್ಕೆ ಸೇರಿದರು. ಅವರಲ್ಲಿ ಹೆಚ್ಚಿನವರು ಅದುವರೆಗೆ ಹುಟ್ಟು ಹಿಡಿದವರಲ್ಲ. ಮೊದಲು ತಿಂಗಳುಗಟ್ಟಲೆ ಸ್ನಾಯುಗಳಿಗೆ ತರಬೇತಿ, ಅನಂತರ ದೋಣಿ. ಋತು ಮುಗಿದಾಗ ಯಾರಿಗೂ ಹೊಸದಾಗಿ ಊತ ಬಂದಿರಲಿಲ್ಲ, ಮೊದಲೇ ಇದ್ದವರಲ್ಲಿ ಅದು ಉಲ್ಬಣಿಸಿರಲಿಲ್ಲ. 1998ರಲ್ಲಿ ಮೆಕೆಂಝಿ ಇದನ್ನು ಕೆನಡಾದ ವೈದ್ಯಕೀಯ ಪತ್ರಿಕೆಯಲ್ಲಿ ವರದಿ ಮಾಡಿದರು. ಸಂಖ್ಯೆ ಚಿಕ್ಕದಾಗಿದ್ದರಿಂದ ವಿಜ್ಞಾನದ ಕಟ್ಟುನಿಟ್ಟಿನ ಅರ್ಥದಲ್ಲಿ ಅದು ಅಂತಿಮ ಪುರಾವೆಯಾಗಿರಲಿಲ್ಲ. ಆದರೆ ಊತದ ಭಯದಿಂದ ಕೈಯನ್ನು ಎದೆಗೊತ್ತಿಕೊಂಡಿದ್ದ ಹೆಂಗಸರು ಸಮುದ್ರದ ಕೊಲ್ಲಿಯಲ್ಲಿ ಹುಟ್ಟು ಹಾಕುತ್ತಿರುವುದನ್ನು ಕಂಡ ಲೋಕಕ್ಕೆ ಹಳೆಯ ಎಚ್ಚರಿಕೆಯನ್ನು ಹಾಗೆಯೇ ಒಪ್ಪುವುದು ಕಷ್ಟವಾಯಿತು. ಇಂದು ಹಲವು ಖಂಡಗಳಲ್ಲಿ ಇಂಥ ತಂಡಗಳಿವೆ. 2018ರಲ್ಲಿ ಇಟಲಿಯ ಫ್ಲಾರೆನ್ಸಿನಲ್ಲೂ 2023ರಲ್ಲಿ ನ್ಯೂಜಿಲೆಂಡಿನಲ್ಲೂ ಅವರ ಅಂತಾರಾಷ್ಟ್ರೀಯ ಮೇಳಗಳು ನಡೆದಿವೆ.

ಗಟ್ಟಿ ಪುರಾವೆ ಬಂದದ್ದು ಹತ್ತು ವರ್ಷಗಳ ಮೇಲೆ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿದ್ದ ಕ್ಯಾಥರಿನ್ ಶ್ಮಿಟ್ಸ್ ಮತ್ತು ಸಂಗಡಿಗರು ಈಗಾಗಲೇ ಕೈ ಊತವಿದ್ದ 141 ಹೆಂಗಸರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ವಾರಕ್ಕೆ ಎರಡು ಬಾರಿ ಭಾರ ಎತ್ತುವ ವ್ಯಾಯಾಮ ಕೊಟ್ಟರು. ಮೊದಲ ಹದಿಮೂರು ವಾರ ತರಬೇತುದಾರರ ಎದುರಿನಲ್ಲಿ, ಆಮೇಲೆ ತಾವಾಗಿ, ಹೀಗೆ ಒಂದು ವರ್ಷ ಅದು ನಡೆಯಿತು. ವ್ಯಾಯಾಮದ ವೇಳೆ ಕೈಗೆ ಅಳತೆಗೆ ತಕ್ಕಂತೆ ಮಾಡಿಸಿದ ಬಿಗಿತೋಳು (ಕಂಪ್ರೆಷನ್ ಸ್ಲೀವ್) ಧರಿಸಬೇಕು, ಅತಿ ಕಡಿಮೆ ಭಾರದಿಂದ ಆರಂಭಿಸಬೇಕು, ತೊಂದರೆ ಕಾಣದಿದ್ದರಷ್ಟೇ ಇನ್ನೊಂದಿಷ್ಟು ಏರಿಸಬೇಕು ಎಂಬ ನಿಯಮವಿತ್ತು. 2009ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಎರಡೂ ಗುಂಪುಗಳಲ್ಲಿ ಕೈಯ ಅಳತೆಯ ಪ್ರಕಾರ ಊತ ಹೆಚ್ಚಿದವರ ಪ್ರಮಾಣ ಬಹುತೇಕ ಸಮವಾಗಿತ್ತು. ಆದರೆ ತಜ್ಞರ ಗಮನಕ್ಕೆ ಬರುವಷ್ಟು ಉಲ್ಬಣ ಕಂಡವರು ಭಾರ ಎತ್ತಿದವರಲ್ಲಿ ನೂರಕ್ಕೆ 14, ಎತ್ತದವರಲ್ಲಿ 29. ಮರುವರ್ಷ ಇದೇ ತಂಡ, ಊತ ಇನ್ನೂ ಬಾರದ, ಆದರೆ ಬರುವ ಸಂಭವವಿದ್ದ 154 ಮಂದಿಯ ಮೇಲಿನ ಪ್ರಯೋಗವನ್ನು ಪ್ರಕಟಿಸಿತು. ಐದು ಅಥವಾ ಅದಕ್ಕಿಂತ ಹೆಚ್ಚು ಗ್ರಂಥಿಗಳನ್ನು ಕಳೆದುಕೊಂಡವರಲ್ಲಿ, ಅಂದರೆ ಹಳೆಯ ಬುದ್ಧಿಮಾತಿನ ಪ್ರಕಾರ ಅತಿ ಜೋಪಾನವಾಗಿ ಇರಬೇಕಾಗಿದ್ದವರಲ್ಲಿ, ವ್ಯಾಯಾಮ ಮಾಡಿದವರ ಪೈಕಿ ನೂರಕ್ಕೆ ಏಳು ಮಂದಿಗೆ ಊತ ಬಂದರೆ ಮಾಡದವರ ಪೈಕಿ 22 ಮಂದಿಗೆ ಬಂತು.

ಇದರ ಅರ್ಥವನ್ನು ತಪ್ಪಾಗಿ ತಿಳಿಯಬಾರದು. ಆಸ್ಪತ್ರೆಯಿಂದ ಬಂದ ವಾರದಲ್ಲೇ ತುಂಬಿದ ಕೊಡ ಹೊರಬಹುದೆಂದು ಯಾವ ಸಂಶೋಧನೆಯೂ ಹೇಳಿಲ್ಲ. ಬಲವಿಲ್ಲದ ಕೈ ಒಮ್ಮೆಲೇ ದೊಡ್ಡ ಭಾರ ಎತ್ತಿದರೆ ಉಳುಕು, ಉರಿಯೂತ ಆಗಬಹುದು, ಅದರ ಹಿಂದೆ ದುಗ್ಧರಸದ ಹೊರೆಯೂ ಏರಬಹುದು. ವ್ಯಾಯಾಮ ಮಾಡಿಸುವುದು ಕೈಯ ಸಾಮರ್ಥ್ಯದ ಮಿತಿಯನ್ನು ಮೇಲಕ್ಕೆ ಸರಿಸುವ ಕೆಲಸ. ಅರ್ಧ ಕಿಲೋಗೆ ದಣಿಯುತ್ತಿದ್ದ ತೋಳು ಐದು ಕಿಲೋಗೆ ದಣಿಯದಂತಾದರೆ ದಿನನಿತ್ಯದ ಕೆಲಸ ಆ ತೋಳಿಗೆ ಅಪಾಯವಾಗಿ ಉಳಿಯುವುದಿಲ್ಲ. ದಿನನಿತ್ಯದ ಕೆಲಸದಿಂದ ಯಾರಿಗೂ ಸಂಪೂರ್ಣ ಬಿಡುಗಡೆ ಸಿಗದ ಮನೆಗಳೇ ಹೆಚ್ಚಾಗಿರುವ ನಾಡಿನಲ್ಲಿ ಎತ್ತಬೇಡಿ ಎಂಬ ಮಾತಿಗಿಂತ ಎತ್ತಲು ಕಲಿಸುವ ವ್ಯವಸ್ಥೆ ಎಷ್ಟೋ ಮೇಲು.

ಉಳಿದ ಕೆಲವು ನಿಷೇಧಗಳೂ ಇದೇ ಬಗೆಯ ಪರೀಕ್ಷೆಗೆ ಒಳಗಾಗಿವೆ. ಆ ಕೈಗೆ ಸೂಜಿ ಚುಚ್ಚಿಸಬಾರದು, ರಕ್ತದೊತ್ತಡ ಅಳೆಸಬಾರದು, ವಿಮಾನ ಹತ್ತಬಾರದು ಎಂಬ ಮಾತುಗಳನ್ನು ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ತಂಡ 632 ರೋಗಿಗಳನ್ನು ಅನುಸರಿಸಿ ನೋಡಿ 2016ರಲ್ಲಿ ವರದಿ ಮಾಡಿತು. ಈ ಯಾವುದಕ್ಕೂ ಕೈಯ ಗಾತ್ರ ಹೆಚ್ಚಿದ್ದಕ್ಕೂ ಸಂಬಂಧ ಕಂಡುಬರಲಿಲ್ಲ. ಸಂಬಂಧ ಕಂಡದ್ದು ಬೇರೆಯವುಗಳಿಗೆ: ಹೆಚ್ಚಿನ ದೇಹತೂಕ, ಪೂರ್ಣ ಗ್ರಂಥಿ ಶಸ್ತ್ರ, ಗ್ರಂಥಿಗಳ ಜಾಗಕ್ಕೆ ಕೊಟ್ಟ ವಿಕಿರಣ ಮತ್ತು ಚರ್ಮದ ಸೋಂಕು. ಇವುಗಳಲ್ಲಿ ತೂಕ ಮತ್ತು ಸೋಂಕು ರೋಗಿಯ ಹತೋಟಿಗೆ ಸ್ವಲ್ಪವಾದರೂ ಸಿಕ್ಕುವಂಥವು. ಹೊಲದಲ್ಲಿ, ತೋಟದಲ್ಲಿ, ಒಲೆಯ ಮುಂದೆ ದುಡಿಯುವವರಿಗೆ ಮುಳ್ಳು ತರಚುವುದು, ಸುಡುವುದು, ಈಳಿಗೆಮಣೆಯಲ್ಲಿ ಬೆರಳು ಕೊಯ್ದುಕೊಳ್ಳುವುದು ತಪ್ಪಿದ್ದಲ್ಲ. ಕೈಗವಸು ಹಾಕಿಕೊಳ್ಳುವುದು, ಗಾಯವಾದ ಕೂಡಲೇ ತೊಳೆದು ಔಷಧ ಹಚ್ಚುವುದು, ಕೈ ಕೆಂಪಾಗಿ ಬಿಸಿಯೇರಿ ಜ್ವರ ಬಂದರೆ ಅದೇ ದಿನ ವೈದ್ಯರನ್ನು ಕಾಣುವುದು ಅವರಿಗೆ ವಿಮಾನದ ಚಿಂತೆಗಿಂತ ಹೆಚ್ಚು ಮುಖ್ಯ.

ಯಾವಾಗ, ಎಷ್ಟು

ವ್ಯಾಯಾಮವನ್ನು ಯಾವಾಗ ಆರಂಭಿಸಬೇಕೆಂಬ ಪ್ರಶ್ನೆಗೆ ಬ್ರಿಟನ್ನಿನ 17 ಆಸ್ಪತ್ರೆ ಕೇಂದ್ರಗಳಲ್ಲಿ 392 ಹೆಂಗಸರನ್ನು ಒಳಗೊಂಡು ನಡೆದು 2021ರಲ್ಲಿ ಪ್ರಕಟವಾದ ಪ್ರಾಸ್ಪರ್ ಎಂಬ ಪ್ರಯೋಗ ಒಳ್ಳೆಯ ಉತ್ತರ ಕೊಟ್ಟಿದೆ. ಹೆಗಲ ತೊಂದರೆ ಬರುವ ಸಂಭವ ಹೆಚ್ಚಿರುವವರನ್ನು, ಅಂದರೆ ಪೂರ್ಣ ಗ್ರಂಥಿ ಶಸ್ತ್ರವಾದವರು, ಕಂಕುಳಿಗೆ ವಿಕಿರಣ ಬೇಕಾದವರು, ಸ್ಥೂಲಕಾಯದವರು, ಮೊದಲೇ ಹೆಗಲು ನೋವಿದ್ದವರು ಇಂಥವರನ್ನು, ಅದು ಆರಿಸಿಕೊಂಡಿತು. ಒಂದು ಗುಂಪಿಗೆ ವಾಡಿಕೆಯಂತೆ ಮುದ್ರಿತ ಹಾಳೆಗಳನ್ನು ಕೊಡಲಾಯಿತು. ಇನ್ನೊಂದಕ್ಕೆ ಅದರ ಜೊತೆಗೆ ಶಸ್ತ್ರಚಿಕಿತ್ಸೆಯಾದ ಏಳರಿಂದ ಹತ್ತು ದಿನಗಳಲ್ಲಿ ಭೌತಚಿಕಿತ್ಸಕರ ಭೇಟಿ ಆರಂಭವಾಯಿತು. ಮೊದಲು ಚಾಚುವ ವ್ಯಾಯಾಮ, ಒಂದು ತಿಂಗಳ ಹೊತ್ತಿಗೆ ಬಲ ಹೆಚ್ಚಿಸುವ ವ್ಯಾಯಾಮ, ಹೀಗೆ ವರ್ಷದಲ್ಲಿ ಹೆಚ್ಚೆಂದರೆ ಆರು ಭೇಟಿಗಳು. ಒಂದು ವರ್ಷದ ಮೇಲೆ ತೋಳಿನ ಕೆಲಸದ ತೊಡಕನ್ನು ಸೊನ್ನೆಯಿಂದ ನೂರರವರೆಗೆ ಅಳೆಯುವ ಮಾಪನದಲ್ಲಿ ಹಾಳೆ ಮಾತ್ರ ಪಡೆದವರ ಸರಾಸರಿ 23.7 ಇದ್ದರೆ ವ್ಯಾಯಾಮ ಕಲಿತವರದು 16.3 ಇತ್ತು. ನೋವು ಕಡಿಮೆಯಾಗಿತ್ತು, ಊತವಾಗಲೀ ಗಾಯದ ತೊಂದರೆಯಾಗಲೀ ಹೆಚ್ಚಿರಲಿಲ್ಲ. ಕೇವಲ ಹಾಳೆ ಕೊಟ್ಟು ಕಳುಹಿಸುವುದಕ್ಕೂ ಆರು ಬಾರಿಯವರೆಗೆ ಎದುರು ಕುಳಿತು ಕಲಿಸುವುದಕ್ಕೂ ಇರುವ ಅಂತರ ಇಷ್ಟು ಸ್ಪಷ್ಟವಾಗಿ ಗೊತ್ತಾದ ಮೇಲೆ ಹಾಳೆಯಲ್ಲೇ ತೃಪ್ತಿಪಡುವುದಕ್ಕೆ ಯಾವ ಆಸ್ಪತ್ರೆಗೂ ಸಮರ್ಥನೆ ಇಲ್ಲ.

ಶಸ್ತ್ರಚಿಕಿತ್ಸೆಯ ಮರುದಿನದಿಂದಲೇ ಬೆರಳು ಮಡಚಿ ಬಿಚ್ಚುವುದು, ಮಣಿಕಟ್ಟು ತಿರುಗಿಸುವುದು, ಮೊಣಕೈ ಮಡಚುವುದು, ಹೆಗಲನ್ನು ಎತ್ತಿ ಇಳಿಸುವುದು, ಹೊಟ್ಟೆಯುಬ್ಬುವಂತೆ ಆಳವಾಗಿ ಉಸಿರಾಡುವುದು ಆರಂಭವಾಗಬಹುದು. ಗಾಯದಲ್ಲಿ ದ್ರವ ಬಸಿಯಲು ಹಾಕಿದ ನಳಿಕೆ ಇರುವಷ್ಟು ಕಾಲ ತೋಳನ್ನು ಹೆಗಲ ಮಟ್ಟಕ್ಕಿಂತ ಮೇಲೆತ್ತದಿರುವುದು ಸಾಮಾನ್ಯ ಸಲಹೆ. ಮೊದಲ ದಿನಗಳಲ್ಲೇ ಪೂರ್ತಿ ಎತ್ತಿಸಿದರೆ ಬಸಿಯುವ ದ್ರವ ಹೆಚ್ಚುತ್ತದೆಂದು ಅಧ್ಯಯನಗಳು ತೋರಿಸಿವೆ. ಆಮೇಲೆ ಗೋಡೆಗೆ ಎದುರಾಗಿ ನಿಂತು ಬೆರಳುಗಳನ್ನು ಮೇಲಕ್ಕೆ ನಡೆಸುವುದು, ಮಲಗಿ ಎರಡೂ ಕೈಯಲ್ಲಿ ಕೋಲು ಹಿಡಿದು ತಲೆಯ ಮೇಲಕ್ಕೆ ಒಯ್ಯುವುದು, ತಲೆಯ ಹಿಂದೆ ಕೈ ಕಟ್ಟಿ ಮೊಣಕೈಗಳನ್ನು ಅಗಲಿಸುವುದು, ಹೆಗಲ ಹಲಗೆಗಳನ್ನು ಬೆನ್ನ ಹಿಂದೆ ಹತ್ತಿರ ತರುವುದು. ಬಲದ ವ್ಯಾಯಾಮಕ್ಕೆ ಜಿಮ್ಮೇ ಬೇಕೆಂದಿಲ್ಲ; ಅರ್ಧ ಲೀಟರು ನೀರಿನ ಬಾಟಲಿ ಅರ್ಧ ಕಿಲೋ ಭಾರವೇ. ಮರುದಿನ ಕೈ ಭಾರವೆನಿಸಿದರೆ, ಬಳೆ ಅಥವಾ ಉಂಗುರ ಬಿಗಿಯಾದರೆ, ರವಿಕೆಯ ತೋಳು ಒತ್ತಿದಂತಾದರೆ ಭಾರವನ್ನು ಒಂದು ಹೆಜ್ಜೆ ಹಿಂದಕ್ಕೆ ತಂದು ಭೌತಚಿಕಿತ್ಸಕರಿಗೆ ತಿಳಿಸಬೇಕು. ಮೂಳೆಗೆ ಕ್ಯಾನ್ಸರ್ ಹರಡಿದವರು, ಕೀಮೋಥೆರಪಿಯಿಂದ ರಕ್ತದ ಅಂಶ ತೀರ ಇಳಿದವರು, ಹೃದಯದ ತೊಂದರೆಯುಳ್ಳವರು ವೈದ್ಯರ ಅನುಮತಿಯಿಲ್ಲದೆ ಯಾವುದನ್ನೂ ಆರಂಭಿಸಬಾರದು.

ಇಷ್ಟಾದರೂ ಕೆಲವರಿಗೆ ಊತ ಬರುತ್ತದೆ, ಕೆಲವೊಮ್ಮೆ ಶಸ್ತ್ರಚಿಕಿತ್ಸೆಯಾಗಿ ಹಲವು ವರ್ಷಗಳ ಮೇಲೂ ಬರುತ್ತದೆ. ಆರಂಭದಲ್ಲಿ ಅದು ನೀರಿನಂತೆ ಮೃದು, ಬೆರಳಿನಿಂದ ಒತ್ತಿದರೆ ಕುಳಿ ಬೀಳುತ್ತದೆ, ಕೈ ಎತ್ತಿಟ್ಟರೆ ಇಳಿಯುತ್ತದೆ. ಬಿಟ್ಟರೆ ನಿಂತ ಪ್ರೋಟೀನಿನ ಸುತ್ತ ನಾರು ಮತ್ತು ಕೊಬ್ಬು ಕಟ್ಟಿಕೊಂಡು ಗಡುಸಾಗುತ್ತದೆ. ಆದ್ದರಿಂದ ಶಸ್ತ್ರಚಿಕಿತ್ಸೆಗೆ ಮೊದಲೇ ಎರಡೂ ಕೈಗಳ ಸುತ್ತಳತೆಯನ್ನು ನಿಗದಿತ ಜಾಗಗಳಲ್ಲಿ ಟೇಪಿನಿಂದ ಅಳೆದು ಬರೆದಿಟ್ಟು, ಆಮೇಲೆ ಕೆಲವು ತಿಂಗಳಿಗೊಮ್ಮೆ ಹೋಲಿಸುವುದು ಎಲ್ಲಕ್ಕಿಂತ ಅಗ್ಗದ, ಎಲ್ಲಕ್ಕಿಂತ ಉಪಯುಕ್ತ ಕ್ರಮ. ಊತ ಒಮ್ಮೆಲೇ ಬಂದರೆ ರಕ್ತ ಹೆಪ್ಪುಗಟ್ಟಿದೆಯೇ, ಕ್ಯಾನ್ಸರ್ ಮರಳಿದೆಯೇ ಎಂದು ಮೊದಲು ಪರೀಕ್ಷೆಯಾಗಬೇಕು. ಮೂತ್ರ ಹೆಚ್ಚಿಸುವ ಮಾತ್ರೆಗಳು ಈ ಊತಕ್ಕೆ ಮದ್ದಲ್ಲ. ಚರ್ಮದ ಆರೈಕೆ, ಬಟ್ಟೆಯ ಪಟ್ಟಿಗಳನ್ನು ಪದರು ಪದರಾಗಿ ಸುತ್ತುವುದು, ಆಮೇಲೆ ಬಿಗಿತೋಳು, ವ್ಯಾಯಾಮ ಮತ್ತು ಕೈಯಿಂದ ದುಗ್ಧರಸ ಸಾಗಿಸುವ ವಿಶೇಷ ಕ್ರಮ, ಇವು ಸೇರಿದ್ದೇ ಚಿಕಿತ್ಸೆ. ಕೊನೆಯದನ್ನು 1930ರ ದಶಕದಲ್ಲಿ ಡೆನ್ಮಾರ್ಕಿನ ಎಮಿಲ್ ವೊಡ್ಡರ್ ಮತ್ತು ಅವರ ಪತ್ನಿ ಎಸ್ಟ್ರಿಡ್ ರೂಪಿಸಿದರು. ಚರ್ಮವನ್ನು ಹಗುರವಾಗಿ, ನಿರ್ದಿಷ್ಟ ದಿಕ್ಕಿನಲ್ಲಿ ಸರಿಸುವ ಈ ಕ್ರಮಕ್ಕೂ ಊದಿದ ಕೈಗೆ ಎಣ್ಣೆ ಹಚ್ಚಿ ಬಲವಾಗಿ ತಿಕ್ಕಿ ನೀವುವುದಕ್ಕೂ ಏನೇನೂ ಸಂಬಂಧವಿಲ್ಲ. ಬಲವಾದ ತಿಕ್ಕಾಟ ಚರ್ಮದ ಕೆಳಗಿನ ನವಿರಾದ ನಾಳಗಳಿಗೆ ನೋವು ಮಾಡಬಹುದಾದ್ದರಿಂದ ಮನೆಯವರ ಪ್ರೀತಿಯ ಕೈಯಾದರೂ ಅದನ್ನು ತಡೆಯಬೇಕು.

ಈ ಚಿಕಿತ್ಸೆಯನ್ನು ಬಡವರ ಕೈಗೆಟಕುವಂತೆ ಮಾಡಬಹುದೆಂಬುದಕ್ಕೆ ಕನ್ನಡಿಗರಿಗೆ ಹತ್ತಿರದ ಸಾಕ್ಷಿ ಕಾಸರಗೋಡಿನಲ್ಲಿದೆ. ಅಲ್ಲಿನ ಅಪ್ಲೈಡ್ ಡರ್ಮಟಾಲಜಿ ಸಂಸ್ಥೆಯಲ್ಲಿ ಚರ್ಮವೈದ್ಯ ಎಸ್. ಆರ್. ನರಹರಿ ಮತ್ತು ಸಂಗಡಿಗರು ಆಕ್ಸ್‌ಫರ್ಡಿನ ಟೆರೆನ್ಸ್ ರಯಾನ್ ಅವರ ಸಹಯೋಗದೊಂದಿಗೆ ಆನೆಕಾಲು ರೋಗಿಗಳಿಗಾಗಿ ಚರ್ಮ ತೊಳೆಯುವಿಕೆ, ಯೋಗಾಸನ ಮತ್ತು ಉಸಿರಾಟ, ಆಯುರ್ವೇದದ ಕೆಲವು ಕ್ರಮಗಳು ಹಾಗೂ ಪಟ್ಟಿ ಸುತ್ತುವುದನ್ನು ಸೇರಿಸಿದ, ರೋಗಿ ಮತ್ತು ಮನೆಯವರು ಕಲಿತು ಮನೆಯಲ್ಲೇ ಮುಂದುವರಿಸುವ ಪದ್ಧತಿಯನ್ನು ಕಟ್ಟಿದ್ದಾರೆ. ಕಾರಣ ಬೇರೆಯಾದರೂ ದುಗ್ಧರಸ ನಿಂತು ಆಗುವ ಊತದ ಸ್ವಭಾವ ಒಂದೇ. ಸ್ತನ ಕ್ಯಾನ್ಸರ್ ರೋಗಿಗಳ ಆರೈಕೆಗೂ ಅಲ್ಲಿಂದ ಕಲಿಯುವುದು ಬಹಳಷ್ಟಿದೆ.

ಕೈಯಾಚೆಗಿನ ದೇಹಕ್ಕೂ ವ್ಯಾಯಾಮ ಬೇಕು. ಕೀಮೋಥೆರಪಿ ಕಾಲದ ಬಳಲಿಕೆ ನಿದ್ದೆಯಿಂದ ಹೋಗುವಂಥದಲ್ಲ. ಮಲಗಿದಷ್ಟೂ ಸ್ನಾಯು ಕರಗಿ ಬಳಲಿಕೆ ಹೆಚ್ಚುತ್ತದೆ. ವಾರಕ್ಕೆ ಮೂರು ದಿನ ಅರ್ಧ ಗಂಟೆಯ ಬಿರುಸು ನಡಿಗೆ, ಎರಡು ದಿನ ಬಲದ ವ್ಯಾಯಾಮ ಮಾಡಿದರೆ ಬಳಲಿಕೆ, ಆತಂಕ, ಖಿನ್ನತೆ ತಗ್ಗುತ್ತವೆಂದು 2019ರಲ್ಲಿ ಹಲವು ದೇಶಗಳ ತಜ್ಞರು ಸೇರಿ ಹೊರತಂದ ಮಾರ್ಗಸೂಚಿ ಹೇಳುತ್ತದೆ. ಹಾರ್ಮೋನು ತಡೆಯುವ ಮಾತ್ರೆಗಳನ್ನು ವರ್ಷಗಟ್ಟಲೆ ನುಂಗುವವರಿಗೆ ಕೀಲುನೋವು ಬಂದು, ಅದಕ್ಕಾಗಿಯೇ ಮಾತ್ರೆ ಬಿಡುವವರಿದ್ದಾರೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಮೆಲಿಂಡಾ ಇರ್ವಿನ್ ತಂಡ 121 ಇಂಥ ಹೆಂಗಸರ ಮೇಲೆ ನಡೆಸಿ 2015ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದು ವರ್ಷದ ವ್ಯಾಯಾಮದಿಂದ ಕೀಲುನೋವು ಅತಿ ಹೆಚ್ಚಿದಾಗಿನ ತೀವ್ರತೆ ಶೇ. 29ರಷ್ಟು ಇಳಿಯಿತು. ಬೆಂಗಳೂರಿನ ಎಸ್-ವ್ಯಾಸ ವಿಶ್ವವಿದ್ಯಾಲಯ ಅಮೆರಿಕದ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರದೊಂದಿಗೆ ಸೇರಿ, ವಿಕಿರಣ ಪಡೆಯುತ್ತಿದ್ದ 163 ಹೆಂಗಸರಲ್ಲಿ ಯೋಗವನ್ನು ಸಾಧಾರಣ ಚಾಚುವ ವ್ಯಾಯಾಮದೊಂದಿಗೆ ಹೋಲಿಸಿದ ಅಧ್ಯಯನ 2014ರಲ್ಲಿ ಬಂತು. ಯೋಗ ಮಾಡಿದವರ ದೈಹಿಕ ಸಾಮರ್ಥ್ಯ ಹೆಚ್ಚು ಸುಧಾರಿಸಿತ್ತು. ಯೋಗದಲ್ಲೂ ಮೈಭಾರವನ್ನೆಲ್ಲ ಕೈಯ ಮೇಲೆ ಹೊರುವ ಆಸನಗಳಿಗೆ ಹಂತಹಂತವಾಗಿಯೇ ಹೋಗಬೇಕು. ವ್ಯಾಯಾಮ ಕ್ಯಾನ್ಸರ್ ಮರಳುವುದನ್ನೇ ತಡೆಯುತ್ತದೆಯೇ ಎಂಬುದಕ್ಕೆ ಕರುಳಿನ ಕ್ಯಾನ್ಸರ್‌ನಲ್ಲಿ 2025ರಲ್ಲಿ ಪ್ರಕಟವಾದ, 889 ರೋಗಿಗಳ ಪ್ರಯೋಗ ಹೌದೆಂಬ ಉತ್ತರ ಕೊಟ್ಟಿದೆ. ಸ್ತನ ಕ್ಯಾನ್ಸರ್‌ನಲ್ಲಿ ನಿಯಮಿತವಾಗಿ ನಡೆಯುವವರು ಹೆಚ್ಚು ಕಾಲ ಬದುಕುವುದು ಕಂಡುಬಂದಿದೆಯಾದರೂ ಅದು ನಡಿಗೆಯದೇ ಫಲವೆಂದು ಸಾಧಿಸುವಷ್ಟು ಬಿಗಿಯಾದ ಪುರಾವೆ ಅದಲ್ಲ. ಆಸೆ ಹುಟ್ಟಿಸಲು ಸಾಕು, ಭರವಸೆ ಮಾರಲು ಸಾಲದು.

ಕರ್ನಾಟಕದಲ್ಲಿ ಈ ಆರೈಕೆ ಹೆಂಗಸಿನ ಕಸುಬನ್ನು ನೋಡಿ ರೂಪುಗೊಳ್ಳಬೇಕಾಗಿದೆ. ರಾಯಚೂರಿನಲ್ಲಿ ಹತ್ತಿ ಬಿಡಿಸುವ ಕೈ, ಕೊಡಗಿನಲ್ಲಿ ತಲೆಯ ಮೇಲಿನ ಕೊಂಬೆಯಿಂದ ಕಾಫಿ ಹಣ್ಣು ಕೀಳುವ ಕೈ, ಕರಾವಳಿಯಲ್ಲಿ ಬಾಗಿ ಕುಳಿತು ಬೀಡಿ ಕಟ್ಟುವ ಕೈ, ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ ದಿನವಿಡೀ ಬಟ್ಟೆ ದೂಡುವ ಕೈ, ಇವು ಒಂದೊಂದಕ್ಕೂ ಬೇಕಾದ ಬಲ ಬೇರೆ, ಮರಳಿ ಕೆಲಸಕ್ಕೆ ಹೋಗಬಹುದಾದ ದಿನ ಬೇರೆ. ಬಿರುಬಿಸಿಲಿನ ಊರಿನಲ್ಲಿ ಬಿಗಿತೋಳು ಧರಿಸಿ ದುಡಿಯುವುದು ಎಷ್ಟು ಕಷ್ಟವೆಂಬುದು ತಂಪು ದೇಶದ ಪುಸ್ತಕಗಳಲ್ಲಿ ಬರುವುದಿಲ್ಲ. ಎದೆಯ ಗಾಯವನ್ನು ಗಂಡಸರೆದುರು ತೋರಿಸಲು ಹಿಂಜರಿದು ಭೌತಚಿಕಿತ್ಸೆಯನ್ನೇ ಕೈಬಿಡುವವರಿಗೆ ಮಹಿಳಾ ಚಿಕಿತ್ಸಕಿಯೂ ಮರೆಯಿರುವ ಕೋಣೆಯೂ ಔಷಧದಷ್ಟೇ ಅಗತ್ಯ. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಂಥ ಕಡೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬೀದರಿಗೋ ಕಾರವಾರಕ್ಕೋ ಮರಳಿದವರು ಆರು ಭೇಟಿಗಳಿಗಾಗಿ ಆರು ಬಾರಿ ರಾಜಧಾನಿಗೆ ಬರಲಾರರು. ಜಿಲ್ಲಾಸ್ಪತ್ರೆಗಳಲ್ಲಿ ಇತ್ತೀಚೆಗೆ ದಿನದ ಕೀಮೋಥೆರಪಿ ಕೇಂದ್ರಗಳು ತೆರೆದಿವೆ. ಅಲ್ಲಿಯೇ ತರಬೇತಿ ಪಡೆದ ಒಬ್ಬ ಭೌತಚಿಕಿತ್ಸಕಿ ಇದ್ದರೆ, ಊರಿನ ಆಶಾ ಕಾರ್ಯಕರ್ತೆಗೆ ಟೇಪು ಹಿಡಿದು ಕೈ ಅಳೆಯಲು ಕಲಿಸಿದರೆ, ದೊಡ್ಡ ಯಂತ್ರವೊಂದನ್ನೂ ಕೊಳ್ಳದೆ ಎಷ್ಟೋ ಕೈಗಳನ್ನು ಉಳಿಸಬಹುದು. ಸರ್ಕಾರದ ಆರೋಗ್ಯ ಯೋಜನೆಗಳು ಶಸ್ತ್ರಚಿಕಿತ್ಸೆಗೆ ಹಣ ಕಟ್ಟುವಾಗ ಅದರ ನಂತರದ ಭೌತಚಿಕಿತ್ಸೆಯನ್ನೂ ಬಿಗಿತೋಳನ್ನೂ ಅದೇ ಮೊತ್ತದೊಳಗೆ ಸೇರಿಸುವುದು ನ್ಯಾಯ.

ಅಂಥ ವ್ಯವಸ್ಥೆ ಬರುವವರೆಗೆ ಕಾಯಬೇಕಾಗಿಲ್ಲ. ಮನೆಯಲ್ಲಿ ಯಾರಿಗಾದರೂ ಸ್ತನದ ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾದರೆ, ಅದಕ್ಕೂ ಮೊದಲೇ ಭೌತಚಿಕಿತ್ಸಕರನ್ನು ಕಂಡು ಎರಡೂ ಕೈಗಳ ಅಳತೆ ಬರೆಸಿಟ್ಟುಕೊಳ್ಳಿ. ಮನೆಗೆ ಕಳುಹಿಸುವಾಗ ಯಾವ ವಾರ ಯಾವ ವ್ಯಾಯಾಮ, ಮುಂದಿನ ಭೇಟಿ ಎಂದು, ಎಷ್ಟು ಭಾರ ಯಾವಾಗ ಎತ್ತಬಹುದು ಎಂಬುದನ್ನು ಕೇಳಿ ಬರೆಸಿಕೊಂಡೇ ಹೊರಡಿ.